ಫ್ಯೂಸಿಗೆ ದಪ್ಪ ತಂತಿ

ದಾಂಡೇಲಿಯಲ್ಲಿ ಹತ್ತನೇ ತರಗತಿಗೆ ವಿದ್ಯುತ್ ಪಾಠ ಮಾಡುತ್ತಿದ್ದೆ. ಫ್ಯೂಸ್ ತಂತಿಯ ವಿಷಯ ಮುಗಿಯುವ ಹೊತ್ತಿಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು. “ಸರ್, ಬುರ್ಕಿನಾ ಫಾಸೊ ದೇಶದ ಅಧ್ಯಕ್ಷರನ್ನು ಜನರೇ ಇಳಿಸಿದರಂತೆ, ಹೌದಾ?” ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಓದಿದ್ದಳಂತೆ.

ಹೌದು. ಬ್ಲೇಸ್ ಕಂಪೋರೆ ಆ ದೇಶವನ್ನು 1987ರಿಂದ 27 ವರ್ಷ ಆಳಿದರು. ಅವಧಿಯ ಮಿತಿ ಅಡ್ಡ ಬಂದಾಗ ಸಂವಿಧಾನವನ್ನೇ ತಿದ್ದಲು ಹೊರಟರು. 2014ರ ಅಕ್ಟೋಬರಿನಲ್ಲಿ ಜನ ಬೀದಿಗಿಳಿದರು, ಸಂಸತ್ ಭವನಕ್ಕೆ ಬೆಂಕಿ ಬಿತ್ತು, ಅಧ್ಯಕ್ಷರು ರಾಜೀನಾಮೆ ಕೊಟ್ಟು ದೇಶ ಬಿಟ್ಟರು.

“ನಮ್ಮಲ್ಲಿ ಯಾರೂ ಹಾಗೆ ಅವಧಿ ಹೆಚ್ಚಿಸಿಕೊಂಡಿಲ್ಲ ಅಲ್ವಾ ಸರ್?”

“ಹೆಚ್ಚಿಸಿಕೊಂಡಿದ್ದರು ತಂಗಿ” ಎಂದೆ. ತರಗತಿ ನಿಶ್ಶಬ್ದವಾಯಿತು.

ವಿದ್ಯಾರ್ಥಿ ಮಿತ್ರರೇ, ಮೊದಲು ನನ್ನದೇ ಒಂದು ತಪ್ಪು ಹೇಳುತ್ತೇನೆ. ಒಂದು ಮಳೆಗಾಲದಲ್ಲಿ ನಮ್ಮ ಮನೆಯ ಫ್ಯೂಸ್ ಪದೇ ಪದೇ ಹೋಗುತ್ತಿತ್ತು. ಬೇಸತ್ತು ದಪ್ಪ ತಾಮ್ರದ ತಂತಿ ಸುತ್ತಿಬಿಟ್ಟೆ. ಬಿಎಸ್ಸಿ ಓದಿದವನು! ಫ್ಯೂಸ್ ಹೋಗಲಿಲ್ಲ, ಗೋಡೆಯ ವೈರಿಂಗೇ ಸುಟ್ಟಿತು. ಹೆಚ್ಚು ವಿದ್ಯುತ್ ಹರಿದಾಗ ಕರಗುವುದೇ ಫ್ಯೂಸಿನ ಕೆಲಸ. ಅದು ಕರಗದಿದ್ದರೆ ಮನೆ ಉರಿಯುತ್ತದೆ.

ಅಧಿಕಾರಕ್ಕೆ ಐದು ವರ್ಷದ ಅವಧಿಯೇ ಫ್ಯೂಸ್. 1975ರ ಜೂನ್ 25ರ ರಾತ್ರಿ, ಪ್ರಧಾನಿ ಇಂದಿರಾ ಗಾಂಧಿಯವರ ಸಲಹೆಯಂತೆ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತುರ್ತು ಪರಿಸ್ಥಿತಿಗೆ ಸಹಿ ಹಾಕಿದರು. ಸಂಪುಟ ಒಪ್ಪಿಗೆ ಕೊಟ್ಟದ್ದು ಮರುದಿನ ಬೆಳಿಗ್ಗೆ. 1976ರ ಮಾರ್ಚಿಗೆ ಮುಗಿಯಬೇಕಿದ್ದ ಲೋಕಸಭೆಯ ಅವಧಿಯನ್ನು ಎರಡು ಸಲ, ಒಂದೊಂದು ವರ್ಷ ಹಿಗ್ಗಿಸಿದರು. 42ನೇ ತಿದ್ದುಪಡಿ ಐದು ವರ್ಷವನ್ನು ಆರು ಮಾಡಿತು. ಎಲ್ಲವೂ ಕಾನೂನಿನ ಕಾಗದದ ಮೇಲೆಯೇ ನಡೆಯಿತು! ದಪ್ಪ ತಂತಿ ಸುತ್ತುವುದೆಂದರೆ ಇದೇ.

ನಾನಾಗ ಎರಡನೇ ಇಯತ್ತೆ. ಚಹಾ ಅಂಗಡಿಯಲ್ಲಿ ಗಟ್ಟಿಯಾಗಿ ರಾಜಕೀಯ ಮಾತಾಡುತ್ತಿದ್ದ ಅಪ್ಪ ಸುಮ್ಮನಾಗಿದ್ದರು. ಪತ್ರಿಕೆಗಳಿಗೂ ಸೆನ್ಸಾರ್ ಇತ್ತು. ಆದರೂ ಎಲ್ಲರೂ ಸುಮ್ಮನಿರಲಿಲ್ಲ. ನಮ್ಮ ಜಿಲ್ಲೆಯ ರಾಮಕೃಷ್ಣ ಹೆಗಡೆಯವರು ಜೈಲಿಗೆ ಹೋದರು. ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರು ಜೈಲಿನಲ್ಲಿ ಅಸ್ತಮಾದಿಂದ ನರಳಿ, ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು.

ಅದೇ ಮಾರ್ಚಿನಲ್ಲಿ ಚುನಾವಣೆ ನಡೆದು ಸರ್ಕಾರ ಬಿತ್ತು. ಕರ್ನಾಟಕ ಮಾತ್ರ 28ರಲ್ಲಿ 26 ಸ್ಥಾನಗಳನ್ನು ಕಾಂಗ್ರೆಸ್ಸಿಗೇ ಕೊಟ್ಟಿತು. ಅದೂ ಜನರ ತೀರ್ಪೇ. ಆಮೇಲೆ ನಡೆದ ಕೆಲಸ ಮುಖ್ಯ. 1978ರ 44ನೇ ತಿದ್ದುಪಡಿ ಅವಧಿಯನ್ನು ಮತ್ತೆ ಐದು ವರ್ಷಕ್ಕೆ ತಂದಿತು. ತುರ್ತು ಪರಿಸ್ಥಿತಿಗೆ ಸಂಪುಟದ ಲಿಖಿತ ಸಲಹೆ ಕಡ್ಡಾಯವಾಯಿತು. ಬರೀ ಆಳುವವರನ್ನು ಬದಲಿಸಿದರೆ ಸಾಲದು, ಸರಿಯಾದ ತಂತಿಯನ್ನೂ ಹಾಕಬೇಕು.

ಇದಕ್ಕೆ ವಿರುದ್ಧ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. ಮುಂಡಗೋಡದ ಟಿಬೆಟನ್ ಕಾಲೊನಿಯವರನ್ನು ಕೇಳಿ. 2011ರಲ್ಲಿ ದಲೈ ಲಾಮಾ ಅವರು, ತಮ್ಮ ಜನ ಬೇಡವೆಂದರೂ ಕೇಳದೆ, ರಾಜಕೀಯ ಅಧಿಕಾರವನ್ನು ಚುನಾಯಿತರಿಗೆ ಒಪ್ಪಿಸಿದರು.

ಪಾಲಕರೇ, ಇಂದು ರಾತ್ರಿ ಊಟಕ್ಕೆ ಕುಳಿತಾಗ ಅಜ್ಜ ಅಜ್ಜಿಯರಿಂದ 1975ರ ನೆನಪನ್ನು ಮಕ್ಕಳಿಗೆ ಹೇಳಿಸಿ. ಹಾಗೆಯೇ ಮನೆಯ ಫ್ಯೂಸನ್ನೂ ಒಮ್ಮೆ ನೋಡಿಸಿ.