ಕಂಬ ಹತ್ತುವವನಿಗೂ ಲೆಕ್ಕ ಬೇಕು

ಆರಿದ್ರಾ ಮಳೆ ಹಿಡಿದ ಮೇಲೆ ಕಳಸ, ಸಂಸೆ, ಹೊರನಾಡುಗಳ ಸುತ್ತಮುತ್ತ ಕರೆಂಟು ಹೋಗುವುದು ಅಲ್ಲಿಯವರಿಗೆ ಸುದ್ದಿಯೇ ಅಲ್ಲ. ಕಾಫಿತೋಟದ ನೆರಳಿಗೆಂದು ಬೆಳೆಸಿದ ಸಿಲ್ವರ್ ಓಕ್ ಮರವೊಂದು ತಂತಿಯ ಮೇಲೆ ಒರಗಿದರೆ ಸಾಕು, ಹಲವು ಊರುಗಳು ಕತ್ತಲಾಗುತ್ತವೆ. ಆಗ ಇಂಬಳಗಳ ಕಾಡಿನಲ್ಲಿ ಹಳ್ಳಗಳನ್ನು ದಾಟಿ, ಹಗ್ಗ ಏಣಿಗಳನ್ನು ಹೊತ್ತು ನಡೆಯುವವನು ಲೈನ್‌ಮನ್. ಅವನ ಧೈರ್ಯವನ್ನು ಹೊಗಳುವವರು ಬಹು ಮಂದಿ. ತಾನು ಮುಟ್ಟುವ ಮಾರ್ಗದ ಲೆಕ್ಕವನ್ನು ಅವನಿಗೆ ಕಲಿಸಬೇಕೆನ್ನುವವರು ಕಡಮೆ. ಕಲಿಸಲೇಬೇಕೆಂಬುದು ನಮ್ಮ ಮತ.

ಕರ್ನಾಟಕದಲ್ಲಿ ಕಿರಿಯ ಪವರ್‌ಮ್ಯಾನ್ ಹುದ್ದೆಗೆ ಬೇಕಾದ ವಿದ್ಯೆ ಎಸ್.ಎಸ್.ಎಲ್.ಸಿ.; ಅದರೊಂದಿಗೆ ಕಂಬ ಹತ್ತಿ ತೋರಿಸಬೇಕು. ಹತ್ತಲು ಬಾರದವನು ಈ ಕೆಲಸಕ್ಕೆ ಬಾರನೆಂಬುದು ನಿಜವೇ. ಆದರೆ ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಓಮನ ನಿಯಮವನ್ನು ಓದಿ ಬಂದಿರುವ ತರುಣನು ಕಂಬದ ಮೇಲೆ ಹೋದೊಡನೆ ಅದನ್ನು ಮರೆಯಬೇಕಾದುದೇಕೆ? ವಿದ್ಯುತ್ ಜಾಲದ ವಿಶ್ಲೇಷಣೆಯೆಂದರೆ ಇಂಜಿನಿಯರುಗಳಿಗೆ ಮಾತ್ರ ದಕ್ಕುವ ಗಹನವಾದ ಶಾಸ್ತ್ರವೆಂಬ ಭಾವನೆ ಬೇರೂರಿದೆ. ಪ್ರವಾಹ ಎಲ್ಲಿಂದ ಎಲ್ಲಿಗೆ ಎಷ್ಟು ಹರಿಯುತ್ತದೆ, ದಾರಿಯಲ್ಲಿ ಎಷ್ಟು ಸೋರುತ್ತದೆ, ಅವಘಡವಾದರೆ ಎಷ್ಟಕ್ಕೆ ಏರುತ್ತದೆ ಎಂಬುದನ್ನು ಮುಂದಾಗಿ ಲೆಕ್ಕಹಾಕುವುದೇ ಈ ಶಾಸ್ತ್ರ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಉಪಕೇಂದ್ರದಿಂದ ಹೊರಟ 11 ಕೆ.ವಿ. ಮಾರ್ಗವೊಂದು ಬೆಟ್ಟಗಳನ್ನು ಬಳಸಿ 30 ಕಿಲೋಮೀಟರ್ ಹೋಗುತ್ತದೆ. ತಂತಿಯ ರೋಧ ಕಿಲೋಮೀಟರಿಗೆ 0.55 ಓಮ್, ಎ.ಸಿ. ಪ್ರವಾಹಕ್ಕೆ ಮಾತ್ರ ಎದುರಾಗುವ ಇನ್ನೊಂದು ಬಗೆಯ ಅಡಚಣೆ, ರಿಯಾಕ್ಟೆನ್ಸ್ ಎಂಬುದು, 0.35 ಓಮ್. ಹೂಮಳೆ ಬಾರದೆ ಹೋದ ಮಾರ್ಚಿಯಲ್ಲಿ ರೊಬಸ್ಟಾ ತೋಟಗಳಿಗೆ ನೀರು ಹಾರಿಸುವ ಪಂಪುಗಳೆಲ್ಲ ಏಕಕಾಲಕ್ಕೆ ತಿರುಗಿ, ಮಾರ್ಗದ ಕೊನೆಯಲ್ಲಿ 1000 ಕಿಲೋವಾಟ್ ಭಾರ ಬಿದ್ದಿದೆ. ಪವರ್ ಫ್ಯಾಕ್ಟರು 0.8. ತಂತಿಯಲ್ಲಿ ಸುಮಾರು 66 ಆಂಪಿಯರ್ ಹರಿಯುತ್ತದೆ. ಗುಣಿಸಿ ನೋಡಿದರೆ ದಾರಿಯಲ್ಲಿಯೇ ಸುಮಾರು 2200 ವೋಲ್ಟು, ಎಂದರೆ ಐದರಲ್ಲೊಂದು ಪಾಲು, ಕಳೆದುಹೋಗಿರುತ್ತದೆ. ಮನೆಯಲ್ಲಿ 230 ಇರಬೇಕಾದಲ್ಲಿ 184 ವೋಲ್ಟು. ತಂತಿಯನ್ನು ಕಾಯಿಸುವುದರಲ್ಲಿ ವ್ಯರ್ಥವಾಗುವ ಶಕ್ತಿ 213 ಕಿಲೋವಾಟ್. ವೋಲ್ಟೇಜು ತಗ್ಗಿದಂತೆ ಮೋಟಾರು ಇನ್ನೂ ಹೆಚ್ಚು ಪ್ರವಾಹವನ್ನು ಎಳೆಯುತ್ತದೆ. ಅದರಿಂದ ವೋಲ್ಟೇಜು ಮತ್ತಷ್ಟು ತಗ್ಗುತ್ತದೆ. ಕೊನೆಗೆ ಮೋಟಾರಿನ ಸುರುಳಿ ಸುಡುತ್ತದೆ.

ಇಂಥಲ್ಲಿ ರೂಢಿಯ ಬೇಡಿಕೆ ದೊಡ್ಡ ಟ್ರಾನ್ಸ್‌ಫಾರ್ಮರು ಬೇಕೆಂಬುದು. ಲೆಕ್ಕ ಬಲ್ಲವನು ಬೇರೆ ಮಾತು ಹೇಳುತ್ತಾನೆ. ಪಂಪುಗಳ ಬಳಿಯಲ್ಲಿಯೇ ಕೆಪಾಸಿಟರುಗಳನ್ನು ಕೂಡಿಸಿ ಪವರ್ ಫ್ಯಾಕ್ಟರನ್ನು ಒಂದಕ್ಕೆ ತಂದರೆ ನಷ್ಟ 136 ಕಿಲೋವಾಟಿಗೆ ಇಳಿಯುತ್ತದೆ. ವೋಲ್ಟೇಜಿನ ಕುಸಿತ ನೂರಕ್ಕೆ 14ಕ್ಕೆ ಬರುತ್ತದೆ. ಅಷ್ಟೂ ಸಾಲದು, ತಂತಿಯನ್ನೇ ದಪ್ಪ ಮಾಡಬೇಕು ಅಥವಾ ಉಪಕೇಂದ್ರವನ್ನು ಹತ್ತಿರಕ್ಕೆ ತರಬೇಕು. ದೊಡ್ಡ ಟ್ರಾನ್ಸ್‌ಫಾರ್ಮರಿನಿಂದಂತೂ 30 ಕಿಲೋಮೀಟರ್ ತಂತಿಯ ರೋಧ ಒಂದಿಷ್ಟೂ ಕರಗದು.

ದುಡ್ಡಿನ ನಷ್ಟ ಹೇಗೋ ತುಂಬೀತು. ಜೀವದ ಪ್ರಶ್ನೆಯಿರುವುದು ಇನ್ನೆರಡು ಲೆಕ್ಕಗಳಲ್ಲಿ.

ತುಂಡಾದ ತಂತಿ ಒಣ ತರಗೆಲೆಯ ಮೇಲೋ ಬಂಡೆಯ ಮೇಲೋ ಬಿದ್ದಿದೆಯೆನ್ನಿ. ಅಲ್ಲಿಂದ ನೆಲಕ್ಕೆ 500 ಓಮ್ ರೋಧವಿದ್ದರೆ, ತಂತಿಗೂ ಭೂಮಿಗೂ ನಡುವಿನ 6350 ವೋಲ್ಟು ಹರಿಸುವ ಪ್ರವಾಹ ಸುಮಾರು 13 ಆಂಪಿಯರ್ ಮಾತ್ರ. ಮಾರ್ಗದ ಮಾಮೂಲು ಭಾರವೇ ಅದರ ಐದು ಪಟ್ಟು! ಭೂಸ್ಪರ್ಶವನ್ನು ಹಿಡಿಯುವ ರಿಲೇ ಎಂಬ ಕಾವಲು ಉಪಕರಣವನ್ನು 40 ಆಂಪಿಯರಿಗೆ ಹೊಂದಿಸಿದ್ದರೆ ಅದು ಕದಲುವುದೇ ಇಲ್ಲ. ಉಪಕೇಂದ್ರದಲ್ಲಿ ಮಾರ್ಗ ಸರಿಯಾಗಿಯೇ ಇದೆಯೆಂದು ಕಾಣುತ್ತದೆ. ಕಾಡಿನಲ್ಲಿ ಸಜೀವ ತಂತಿ ದಾರಿಗಡ್ಡವಾಗಿ ಬಿದ್ದಿರುತ್ತದೆ. ‘ಟ್ರಿಪ್ ಆಗಿಲ್ಲ, ಆದ್ದರಿಂದ ತಂತಿ ಬಿದ್ದಿಲ್ಲ’ ಎಂಬ ನಂಬಿಕೆ ಎಷ್ಟು ಅಪಾಯಕರವೆಂಬುದನ್ನು ಈ ಒಂದು ಭಾಗಾಕಾರ ತೋರಿಸಿಕೊಡುತ್ತದೆ.

ಇನ್ನೊಂದು ಜನರೇಟರಿನದು. ಕರೆಂಟು ಹೋದೊಡನೆ ತೋಟಗಳಲ್ಲಿ ಡೀಸೆಲ್ ಜನರೇಟರುಗಳು ಗುಡುಗತೊಡಗುತ್ತವೆ. ಸರಬರಾಜನ್ನು ಪೂರ್ತಿ ಬೇರ್ಪಡಿಸುವ ಚೇಂಜ್‌ಓವರ್ ಸ್ವಿಚ್ಚು ಇಲ್ಲದ ಕಡೆ ಆ ವಿದ್ಯುತ್ತು ಹಿಮ್ಮುಖವಾಗಿ ಟ್ರಾನ್ಸ್‌ಫಾರ್ಮರಿಗೆ ನುಗ್ಗುತ್ತದೆ. 11,000 ವೋಲ್ಟನ್ನು 433ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರು 433ನ್ನು 11,000ಕ್ಕೆ ಏರಿಸಲೂ ಬಲ್ಲದು. ಅದಕ್ಕೆ ಹಿಂದು ಮುಂದಿನ ಭೇದವಿಲ್ಲ. ಉಪಕೇಂದ್ರದಲ್ಲಿ ಸ್ವಿಚ್ಚು ತೆಗೆಸಿ ನಿಶ್ಚಿಂತೆಯಿಂದ ಕಂಬ ಹತ್ತಿದವನಿಗೆ ಮೃತ್ಯು ಎದುರು ದಿಕ್ಕಿನಿಂದ ಬರುತ್ತದೆ. ಮಾರ್ಗವಿಡೀ ಜೋಡಿಸಿಕೊಂಡಿದ್ದರೆ ಸಣ್ಣ ಜನರೇಟರು ಭಾರ ತಾಳಲಾರದೆ ನಿಂತುಹೋದೀತು. ಕಾಡಿನ ಕೊನೆಯಲ್ಲಿ ತುಂಡಾಗಿ ಉಳಿದ, ಭಾರವೇ ಇಲ್ಲದ ಚೂರಿನಲ್ಲಿ ಅದು ನಿರಾತಂಕವಾಗಿ ಓಡುತ್ತದೆ. ರಿಪೇರಿಯವನು ಹೋಗುವುದೂ ಅಲ್ಲಿಗೇ! ಕೆಲಸದ ಸ್ಥಳದ ಎರಡು ಪಕ್ಕಗಳಲ್ಲಿಯೂ ತಂತಿಯನ್ನು ಭೂಮಿಗೆ ಜೋಡಿಸಬೇಕೆಂಬ ನಿಯಮ ಇದಕ್ಕಾಗಿಯೇ ಇದೆ. ಕಾರಣ ತಿಳಿಯದವನಿಗೆ ನಿಯಮ ಬರಿಯ ಕಿರಿಕಿರಿ. ಮಳೆ ಸುರಿಯುವಾಗ ಅವನು ಒಂದು ಪಕ್ಕವನ್ನು ಬಿಟ್ಟುಬಿಡುತ್ತಾನೆ.

ಲೆಕ್ಕದ ಅರಿವು ಮಹಾಜಾಲಗಳಿಗೂ ಅಷ್ಟೇ ಅವಶ್ಯಕ. 2012ರ ಜುಲೈ 30ರ ಬೆಳಗಿನ ಜಾವ 2 ಗಂಟೆ 33 ನಿಮಿಷಕ್ಕೆ ಬೀನಾ–ಗ್ವಾಲಿಯರ್ ನಡುವಿನ 400 ಕೆ.ವಿ. ಮಾರ್ಗ ಕಡಿದುಕೊಂಡು ಉತ್ತರ ಭಾರತ ಕತ್ತಲಾಯಿತು. ಆ ಮಾರ್ಗದಲ್ಲಿ ದೋಷವೇನೂ ಇರಲಿಲ್ಲ. ಭಾರ ಮಿತಿಮೀರಿದುದನ್ನೇ ರಿಲೇ ದೋಷವೆಂದು ಬಗೆದಿತ್ತು. ಮರುದಿನ ಉತ್ತರ, ಪೂರ್ವ, ಈಶಾನ್ಯದ ಮೂರು ಜಾಲಗಳೂ ಕುಸಿದವು. ದಕ್ಷಿಣ ಜಾಲ ಆಗಿನ್ನೂ ಅವುಗಳೊಡನೆ ಏಕಲಯದಲ್ಲಿ ಬೆಸೆದಿರಲಿಲ್ಲವಾಗಿ ಕರ್ನಾಟಕ ಪಾರಾಯಿತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ನಾವೂ ಅದೇ ಜಾಲದವರಾದೆವು.

ಜಾಲ ನಿರ್ವಹಣೆಯನ್ನು ಕಲಿಸುವ ಕೇಂದ್ರಗಳು ಬೆಂಗಳೂರಿನಲ್ಲಿವೆ. ಸಜೀವ ತಂತಿಯ ಮೇಲೆ ಕೆಲಸ ಮಾಡುವುದನ್ನು ಕಲಿಸುವ ಕೇಂದ್ರವೂ ಅಲ್ಲಿದೆ. ನಮ್ಮ ಆಕ್ಷೇಪಣೆ ಅವುಗಳ ಮೇಲಲ್ಲ. ವಿದ್ಯೆ ಬೆಂಗಳೂರಿನಲ್ಲಿಯೇ ನಿಲ್ಲುವುದರ ಮೇಲೆ. ಈಗ ಎಲ್ಲವನ್ನೂ ಕಂಪ್ಯೂಟರೇ ಮಾಡುತ್ತದಲ್ಲ ಎನ್ನುವವರುಂಟು. ಕಂಪ್ಯೂಟರು ತನಗೆ ಕೊಟ್ಟ ನಕ್ಷೆಯನ್ನು ನಂಬುತ್ತದೆ. ಕಳೆದ ಮಳೆಗಾಲದಲ್ಲಿ ಎಲ್ಲಿ ತೆಳ್ಳನೆಯ ತಂತಿಯ ತುಂಡು ಸೇರಿಸಿದರು, ಯಾವ ತೋಟದಲ್ಲಿ ಹೊಸ ಪಂಪು ಕೂತಿತು ಎಂಬುದನ್ನು ಬಲ್ಲವನು ಮಾರ್ಗದಲ್ಲಿ ನಡೆದಾಡಿದವನೇ. ಅದು ಲೆಕ್ಕಕ್ಕೆ ಬೇಕಾದ ಸಂಗತಿಯೆಂದು ಅವನಿಗೆ ಗೊತ್ತಿದ್ದರಲ್ಲವೆ ತಿಳಿಸುವುದು?

ಪಾಠ ಕನ್ನಡದಲ್ಲಿರಬೇಕು. ಪಾರಿಭಾಷಿಕ ಪದಗಳಿಗಾಗಿ ಸಂಸ್ಕೃತದ ಕೋಶವನ್ನು ತಡಕಬೇಕಾಗಿಲ್ಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹರಿದಂದಿನಿಂದ ನಮ್ಮವರು ತಂತಿಯೊಡನೆ ಬದುಕಿದ್ದಾರೆ. ಲೋಡು, ಫೇಸು, ಫ್ಯೂಸು, ಜಂಪು ಎಲ್ಲವೂ ಅವರ ಬಾಯಲ್ಲಿ ಕನ್ನಡವೇ ಆಗಿವೆ. ಏಪ್ರಿಲಿನಲ್ಲಿ, ಕೊಂಬೆ ಸವರುವ ಕೆಲಸ ಮೊದಲಾಗುವುದಕ್ಕೆ ಮುಂಚೆ, ಪ್ರತಿ ಶಾಖೆಯವರಿಗೂ ಒಂದು ವಾರದ ಬಿಡುವು ಕೊಡಲಿ. ಅವರು ತಮ್ಮದೇ ಮಾರ್ಗದ ನಕ್ಷೆ ಬರೆದು, ಅದರ ಕೊನೆಯ ಕಂಬದಲ್ಲಿ ವೋಲ್ಟೇಜು ಎಷ್ಟಿರಬೇಕು, ಅಲ್ಲಿ ತಂತಿ ನೆಲಕ್ಕೆ ಬಿದ್ದರೆ ಎಷ್ಟು ಆಂಪಿಯರ್ ಹರಿದೀತು ಎಂದು ಲೆಕ್ಕಹಾಕಲಿ. ಮರುದಿನ ಮೀಟರು ಹಿಡಿದು ಹೋಗಿ ವೋಲ್ಟೇಜನ್ನು ಅಳೆದು ನೋಡಲಿ. ಯಾವ ತೋಟದಲ್ಲಿ ಜನರೇಟರು ಇದೆ, ಅದಕ್ಕೆ ಚೇಂಜ್‌ಓವರ್ ಸ್ವಿಚ್ಚು ಇದೆಯೆ ಎಂಬುದನ್ನು ಅದೇ ನಕ್ಷೆಯಲ್ಲಿ ಕೆಂಪು ಶಾಯಿಯಿಂದ ಗುರುತಿಸಿ, ಶಾಖಾ ಕಚೇರಿಯ ಗೋಡೆಗೆ ತೂಗುಹಾಕಲಿ.