ಮಗುವಿಗೆ ಒಗ್ಗದ್ದು ತಾಯಿಯ ಹಾಲೇ?

ಹಸುಗೂಸು ಬಿಡದೆ ಅತ್ತರೆ ಮನೆಯವರ ಮೊದಲ ಅನುಮಾನ ತಾಯಿಯ ಹಾಲಿನ ಮೇಲೆ. ಹಾಲು ಸಾಲದು ಎಂದು ಒಬ್ಬರೆಂದರೆ, ಹಾಲು ತೆಳು ಎಂದು ಇನ್ನೊಬ್ಬರು. ಮಗು ಕುಡಿದದ್ದನ್ನು ಪದೇ ಪದೇ ಕಕ್ಕಿತು, ಕೆನ್ನೆಯ ಮೇಲೆ ಇಸಬು ಎದ್ದಿತು, ಮಲದಲ್ಲಿ ಲೋಳೆಯ ಜೊತೆ ರಕ್ತದ ಗೆರೆ ಕಂಡಿತು ಎಂದರಂತೂ ತೀರ್ಪು ಸಿದ್ಧ: “ನಿನ್ನ ಹಾಲು ಮಗೂಗೆ ಆಗಿಬರ್ತಾ ಇಲ್ಲ ಕಣೇ. ಬಿಡಿಸಿಬಿಡು, ಡಬ್ಬಿ ಹಾಲು ಹಾಕೋಣ.”

ಹೀಗೆ ಹೇಳುವವರು ಮಗುವಿನ ಮೇಲೆ ಪ್ರಾಣವಿಟ್ಟುಕೊಂಡ ಅಜ್ಜಿ, ಅತ್ತೆ, ದೊಡ್ಡಮ್ಮಂದಿರೇ. ಅವರ ಕಾಳಜಿಯಲ್ಲಿ ಕೊರತೆಯಿಲ್ಲ. ಹೆರಿಗೆಯಾಗಿ ಎರಡು ತಿಂಗಳೂ ತುಂಬದ, ನಿದ್ದೆಗೆಟ್ಟು ಸೋತ ತಾಯಿಗೆ ಆ ಮಾತಿಗೆ ಎದುರಾಡುವ ಶಕ್ತಿಯಾದರೂ ಎಲ್ಲಿಂದ ಬರಬೇಕು? ಮಗುವಿನ ನೋವಿಗೆ ತಾನೇ ಕಾರಣ ಎಂಬ ಅಳುಕು ಬೇರೆ. ಎಷ್ಟೋ ಮನೆಗಳಲ್ಲಿ ಎದೆಹಾಲು ನಿಲ್ಲುವುದು ಇಂಥ ಒಂದು ಸಂಜೆಯಲ್ಲಿಯೇ.

ಆದರೆ ನಿಲ್ಲಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು. ಮಗುವಿಗೆ ಒಗ್ಗದಿರುವುದು ತಾಯಿಯ ಹಾಲೋ, ಆ ಹಾಲಿನೊಡನೆ ಹಾದು ಬಂದ ಮತ್ತೊಂದು ವಸ್ತುವೋ?

ತಟ್ಟೆಯಿಂದ ಎದೆಗೆ

ನಾವು ತಿಂದ ಪ್ರೋಟೀನುಗಳು ಹೊಟ್ಟೆ ಮತ್ತು ಕರುಳಿನಲ್ಲಿ ಅಮೈನೋ ಆಮ್ಲಗಳಾಗಿ ಒಡೆಯುತ್ತವೆ ಎಂದು ಪ್ರೌಢಶಾಲೆಯ ವಿದ್ಯಾರ್ಥಿಗಳೆಲ್ಲ ಓದಿರುತ್ತಾರೆ. ಅದು ನಿಜ. ಆದರೆ ಅತ್ಯಲ್ಪ ಪ್ರಮಾಣದ ಪ್ರೋಟೀನು ಪೂರ್ತಿ ಒಡೆಯದೆ ರಕ್ತ ಸೇರುತ್ತದೆ, ಅಲ್ಲಿಂದ ಎದೆಹಾಲಿಗೂ ಇಳಿಯುತ್ತದೆ. ಮೊಟ್ಟೆ ತಿಂದ ತಾಯಂದಿರ ಹಾಲಿನಲ್ಲಿ ಮೊಟ್ಟೆಯ ಪ್ರೋಟೀನು ಇರುವುದನ್ನು ಅಮೆರಿಕದ ವೈದ್ಯ ಡಬ್ಲ್ಯು. ಆರ್. ಶಾನನ್ 1921ರಷ್ಟು ಹಿಂದೆಯೇ ಗಿನಿಪಿಗ್‌ಗಳ ಮೇಲಿನ ಪ್ರಯೋಗದಿಂದ ತೋರಿಸಿದ್ದರು.

ಹೀಗೆ ಹಾದುಬಂದು ಮಗುವನ್ನು ಕಾಡುವ ವಸ್ತುಗಳಲ್ಲಿ ಮೊದಲ ಸ್ಥಾನ ಹಸುವಿನ ಹಾಲಿನ ಪ್ರೋಟೀನುಗಳದು. ಅವುಗಳಲ್ಲಿ ಬೀಟಾ-ಲ್ಯಾಕ್ಟೋಗ್ಲೋಬ್ಯುಲಿನ್ ಎಂಬುದು ಮನುಷ್ಯರ ಹಾಲಿನಲ್ಲಿ ಹುಟ್ಟುವುದೇ ಇಲ್ಲ. ತಾಯಿ ಕುಡಿದ ಹಾಲು, ತಿಂದ ಮೊಸರಿನಿಂದಲೇ ಅದು ಬರಬೇಕು. ಮೊಟ್ಟೆ, ಸೋಯಾ, ಗೋಧಿ, ಕಡಲೆಕಾಯಿ ಮುಂತಾದವೂ ಕೆಲವು ಮಕ್ಕಳಿಗೆ ಒಗ್ಗದಿರಬಹುದು.

ಇಂಥ ಮಕ್ಕಳು ಎಷ್ಟು? ಡೆನ್ಮಾರ್ಕಿನ ಓಡೆನ್ಸ್ ನಗರದಲ್ಲಿ ಒಂದು ವರ್ಷದಲ್ಲಿ ಹುಟ್ಟಿದ 1,749 ಶಿಶುಗಳ ಬೆನ್ನುಹತ್ತಿ ನಡೆಸಿದ ಅಧ್ಯಯನವೊಂದು 1988ರಲ್ಲಿ ಪ್ರಕಟವಾಯಿತು. ಹಸುವಿನ ಹಾಲು ಒಗ್ಗದ ಮಕ್ಕಳು ಅದರಲ್ಲಿ 39. ಬರೀ ಎದೆಹಾಲು ಕುಡಿಯುತ್ತಿರುವಾಗಲೇ ತೊಂದರೆ ಕಾಣಿಸಿದ್ದು ಕೇವಲ 9 ಮಕ್ಕಳಲ್ಲಿ, ಎಂದರೆ ಸುಮಾರು ಇನ್ನೂರಕ್ಕೆ ಒಂದು. ಇನ್ನೊಂದು ಸಂಗತಿ ಗಮನಿಸಬೇಕಾದ್ದು: ಆ 9 ಮಕ್ಕಳಿಗೂ ಹುಟ್ಟಿದ ಮೊದಲ ದಿನಗಳಲ್ಲಿ, ಆಸ್ಪತ್ರೆಯಲ್ಲೇ, ಹಸುವಿನ ಹಾಲಿನಿಂದ ಮಾಡಿದ ಶಿಶು ಆಹಾರ ಕುಡಿಸಲಾಗಿತ್ತು.

ಬಾಟಲಿಯಲ್ಲಿರುವುದೇನು?

ಇಲ್ಲಿಗೆ ಬಂದ ಮೇಲೆ ಡಬ್ಬಿ ಹಾಲಿನ ಸಲಹೆಯ ಎಡವಟ್ಟು ಎದ್ದು ಕಾಣುತ್ತದೆ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಶಿಶು ಆಹಾರದ ಪುಡಿ ತಯಾರಾಗುವುದೇ ಹಸುವಿನ ಹಾಲಿನಿಂದ. ಒಂದು ಲೀಟರ್ ಹಸುವಿನ ಹಾಲಿನಲ್ಲಿ ಬೀಟಾ-ಲ್ಯಾಕ್ಟೋಗ್ಲೋಬ್ಯುಲಿನ್ ಸುಮಾರು 3 ಗ್ರಾಂ. ಎದೆಹಾಲಿಗೆ ಹಾದುಬರುವುದು ಸಾಮಾನ್ಯವಾಗಿ ಅದರ ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಆ ಹನಿಯಷ್ಟನ್ನೇ ತಾಳದ ಮಗುವಿಗೆ ಅದೇ ಪ್ರೋಟೀನನ್ನು ಬಾಟಲಿ ತುಂಬ ಕುಡಿಸಿದಂತಾಗುತ್ತದೆ. ಹಸುವಿನ ಹಾಲು ಬೇಡವೆಂದು ಎಮ್ಮೆಯ ಹಾಲಿಗೋ ಆಡಿನ ಹಾಲಿಗೋ ಹೋದರೂ ಪ್ರಯೋಜನವಿಲ್ಲ. ಅವುಗಳ ಪ್ರೋಟೀನುಗಳೂ ಹಸುವಿನ ಹಾಲಿನವನ್ನೇ ಹೋಲುತ್ತವಾದ್ದರಿಂದ ಬಹುಪಾಲು ಮಕ್ಕಳಿಗೆ ಅವೂ ಒಗ್ಗುವುದಿಲ್ಲ.

ಬಾಟಲಿಯಿಂದ ಕಳೆದುಕೊಳ್ಳುವುದೂ ಉಂಟು. ಎದೆಹಾಲಿನಲ್ಲಿರುವ ಐಜಿಎ ಎಂಬ ಪ್ರತಿಕಾಯ ಮಗುವಿನ ಕರುಳಿನ ಒಳಗೋಡೆಗೆ ಕಾವಲು ನಿಲ್ಲುತ್ತದೆ. ಅದರಲ್ಲಿರುವ ವಿಶೇಷ ಸಕ್ಕರೆಗಳು ಕರುಳಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾಗಳು ಬೆಳೆಯಲು ಆಹಾರವಾಗುತ್ತವೆ. ಅಲರ್ಜಿಯಿಂದ ಕೆರಳಿದ ಕರುಳಿಗೆ ಈ ಕಾವಲು ಇನ್ನೂ ಹೆಚ್ಚು ಬೇಕು. ಬಾಟಲಿ ಸರಿಯಾಗಿ ಕುದಿಸದಿದ್ದರೆ, ನೀರು ಶುದ್ಧವಿಲ್ಲದಿದ್ದರೆ ಬರುವ ಭೇದಿ ಬೇರೆಯೇ ಮಾತು.

“ಹಾಗಾದರೆ ನಾಲ್ಕು ದಿನ ನಿಲ್ಲಿಸಿ ನೋಡೋಣ” ಎನ್ನುವುದೂ ಉಂಟು. ಮಗು ಚೀಪಿದಷ್ಟೂ ತಾಯಿಯ ಮಿದುಳಿನ ತಳದಲ್ಲಿರುವ ಪಿಟ್ಯೂಟರಿ ಗ್ರಂಥಿಯಿಂದ ಪ್ರೊಲ್ಯಾಕ್ಟಿನ್ ಹಾರ್ಮೋನು ಹರಿದು ಹಾಲು ಉತ್ಪತ್ತಿಯಾಗುತ್ತದೆ. ಚೀಪುವುದು ನಿಂತರೆ ಹಾಲೂ ಇಳಿಯುತ್ತದೆ. ಹೀಗೆ ಬತ್ತಿದ ಹಾಲನ್ನು ಮತ್ತೆ ತರಿಸುವುದು ಅಸಾಧ್ಯವಲ್ಲವಾದರೂ ಬಲು ಪ್ರಯಾಸದ ಕೆಲಸ.

ಎರಡು ಹೆಸರು, ಒಂದು ಗೊಂದಲ

ಈ ವಿಷಯದಲ್ಲಿ ಪದೇ ಪದೇ ಕೇಳಿಬರುವ ಇನ್ನೊಂದು ಮಾತು ಲ್ಯಾಕ್ಟೋಸ್. ಇದು ಹಾಲಿನ ಪ್ರೋಟೀನಲ್ಲ, ಹಾಲಿನ ಸಕ್ಕರೆ. ಎದೆಹಾಲಿನ ಪ್ರತಿ 100 ಮಿಲಿಲೀಟರಿನಲ್ಲಿ ಅದು ಸುಮಾರು 7 ಗ್ರಾಂ ಇರುತ್ತದೆ, ಹಸುವಿನ ಹಾಲಿಗಿಂತಲೂ ಹೆಚ್ಚು. ತಾಯಿ ಏನು ತಿಂದರೂ, ಏನು ಬಿಟ್ಟರೂ ಈ ಪ್ರಮಾಣ ಬದಲಾಗುವುದಿಲ್ಲ, ಏಕೆಂದರೆ ಲ್ಯಾಕ್ಟೋಸ್ ತಯಾರಾಗುವುದು ಎದೆಯಲ್ಲಿಯೇ.

ಲ್ಯಾಕ್ಟೋಸನ್ನು ಜೀರ್ಣಿಸುವ ಲ್ಯಾಕ್ಟೇಸ್ ಕಿಣ್ವ ಹುಟ್ಟಿನಿಂದಲೇ ಇಲ್ಲದಿರುವುದು ಅತ್ಯಂತ ವಿರಳ. ನಮ್ಮಲ್ಲಿ ಹಾಲು ಕುಡಿದರೆ ಹೊಟ್ಟೆಯುಬ್ಬರ ಎನ್ನುವ ದೊಡ್ಡವರು ಅನೇಕರಿದ್ದಾರೆ. ಅವರಲ್ಲಿ ಬಾಲ್ಯ ಕಳೆದ ಮೇಲೆ ಆ ಕಿಣ್ವ ಕಡಿಮೆಯಾಗಿರುತ್ತದೆ. ಅದನ್ನು ನೋಡಿ ಹಸುಗೂಸಿಗೂ ಅದೇ ಕಾಯಿಲೆ ಎಂದುಕೊಳ್ಳುವುದು ಸರಿಯಲ್ಲ. ಜೋರಾದ ಭೇದಿಯ ನಂತರ ಕೆಲವು ಮಕ್ಕಳಲ್ಲಿ ಈ ಕಿಣ್ವ ತಾತ್ಕಾಲಿಕವಾಗಿ ಇಳಿಯುವುದುಂಟು. ಆಗಲೂ ಎದೆಹಾಲು ಮುಂದುವರಿಸಬೇಕು. ಕರುಳು ವಾಸಿಯಾದಂತೆ ಕಿಣ್ವ ಮರಳುತ್ತದೆ.

ಮನೆಯಲ್ಲೇ ಒಂದು ಪ್ರಯೋಗ

ಮಲದಲ್ಲಿ ರಕ್ತ ಕಂಡರೆ, ತೂಕ ಏರದಿದ್ದರೆ ಮೊದಲು ಮಕ್ಕಳ ವೈದ್ಯರಲ್ಲಿಗೆ ಹೋಗಬೇಕು. ಸೋಂಕು, ಗುದದ್ವಾರದ ಸೀಳು ಮುಂತಾದ ಬೇರೆ ಕಾರಣಗಳು ಇಲ್ಲವೆಂದು ಅವರು ನೋಡಿದ ಮೇಲೆ ಮುಂದಿನ ಹೆಜ್ಜೆ ತಾಯಿಯ ಊಟದ ಪರೀಕ್ಷೆ. ವಿಜ್ಞಾನದ ಪುಸ್ತಕದಲ್ಲಿ ಹೇಳುವ ಕ್ರಮವೇ ಇದು: ಒಂದು ಅಂಶವನ್ನು ತೆಗೆ, ಏನಾಗುತ್ತದೆಂದು ನೋಡು, ಮತ್ತೆ ಸೇರಿಸು, ಮತ್ತೆ ನೋಡು.

ಸ್ವೀಡನ್ನಿನ ವೈದ್ಯರಾದ ಐರಿನ್ ಯಾಕೋಬ್ಸನ್ ಮತ್ತು ಟೋರ್ ಲಿಂಡ್‌ಬರ್ಗ್ 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಾಡಿದ್ದೂ ಇದನ್ನೇ. ಎದೆಹಾಲು ಕುಡಿಯುತ್ತ ಹೊಟ್ಟೆನೋವಿನಿಂದ ವಿಪರೀತ ಅಳುತ್ತಿದ್ದ 66 ಶಿಶುಗಳ ತಾಯಂದಿರಿಗೆ ಹಸುವಿನ ಹಾಲು ಬಿಡಿಸಿದರು. 35 ಮಕ್ಕಳಲ್ಲಿ ಅಳು ನಿಂತಿತು. ತಾಯಂದಿರು ಹಾಲನ್ನು ಮತ್ತೆ ಆರಂಭಿಸಿದಾಗ 23 ಮಕ್ಕಳಲ್ಲಿ ಮಾತ್ರ ತೊಂದರೆ ಮರುಕಳಿಸಿತು. ಉಳಿದ 12 ಮಕ್ಕಳು ತಾವಾಗಿಯೇ ಗುಣವಾಗಿರಬಹುದು. ಮತ್ತೆ ಸೇರಿಸಿ ನೋಡದೆ ಇದ್ದಿದ್ದರೆ ಆ 12 ತಾಯಂದಿರು ಕಾರಣವಿಲ್ಲದೆ ತಿಂಗಳುಗಟ್ಟಲೆ ಪಥ್ಯ ಮಾಡಬೇಕಾಗುತ್ತಿತ್ತು. ಅರ್ಧದಷ್ಟು ಮಕ್ಕಳ ಅಳು ಹಾಲು ಬಿಟ್ಟರೂ ನಿಲ್ಲಲಿಲ್ಲ ಎಂಬುದನ್ನೂ ಮರೆಯಬಾರದು. ಅಳುವ ಮಗುವಿಗೆಲ್ಲ ಅಲರ್ಜಿ ಇರುವುದಿಲ್ಲ.

ಮನೆಯಲ್ಲಿ ಇದನ್ನು ಮಾಡುವಾಗ ಎರಡರಿಂದ ನಾಲ್ಕು ವಾರ ಹಾಲಿನ ಎಲ್ಲ ಪದಾರ್ಥಗಳನ್ನೂ ಬಿಡಬೇಕು. ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ಪನ್ನೀರು, ಖೋವಾದ ಸಿಹಿತಿಂಡಿಗಳಷ್ಟೇ ಅಲ್ಲ, ಕಾಫಿಗೆ ಹಾಕುವ ಹಾಲು, ಹಾಲಿನ ಪುಡಿ ಬೆರೆತ ಬಿಸ್ಕತ್ತೂ ಇದರಲ್ಲಿ ಸೇರಿವೆ. ತುಪ್ಪದಲ್ಲಿಯೂ ಪ್ರೋಟೀನಿನ ಅಂಶ ಸ್ವಲ್ಪ ಉಳಿದಿರಬಹುದಾದ್ದರಿಂದ ಪರೀಕ್ಷೆ ಮುಗಿಯುವವರೆಗೆ ಅದೂ ಬೇಡ. ಮಗುವಿನ ಅಳು, ವಾಂತಿ, ಮಲ, ಚರ್ಮ ಇವನ್ನು ದಿನವೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವ ಕೆಲಸವನ್ನು ಮನೆಯಲ್ಲಿ ಓದುತ್ತಿರುವ ಅಕ್ಕನೋ ಚಿಕ್ಕಪ್ಪನೋ ವಹಿಸಿಕೊಂಡರೆ ತಾಯಿಗೆ ಅಷ್ಟು ಭಾರ ಇಳಿಯುತ್ತದೆ. ಗುಣ ಕಾಣದಿದ್ದರೆ ಹಾಲನ್ನು ಮತ್ತೆ ಆರಂಭಿಸಿ, ವೈದ್ಯರ ಸಲಹೆಯಂತೆ ಬೇರೊಂದು ಪದಾರ್ಥವನ್ನು ಪರೀಕ್ಷಿಸಬೇಕು. ಮಗುವಿಗೆ ಮೊದಲು ತೀವ್ರ ತೊಂದರೆಯಾಗಿದ್ದರೆ ಮರುಪರೀಕ್ಷೆ ವೈದ್ಯರ ಕಣ್ಣೆದುರಿನಲ್ಲೇ ಆಗಬೇಕು.

ಬಾಣಂತಿಯ ಪಥ್ಯ

ನಮ್ಮ ಬಾಣಂತನದಲ್ಲಿ ಈ ಪರೀಕ್ಷೆಗೆ ಒಂದು ವಿಶೇಷ ತೊಡಕಿದೆ. ತರಕಾರಿ, ಬೇಳೆ, ಹಣ್ಣು, ಕೆಲವೆಡೆ ನೀರನ್ನೂ ನಂಜೆಂದು ದೂರವಿಡುವ ಮನೆಗಳು ಹಾಲು ತುಪ್ಪವನ್ನು ಮಾತ್ರ ಒತ್ತಾಯ ಮಾಡಿ ಬಡಿಸುತ್ತವೆ. ಹಾಲು ಕುಡಿದರೆ ಹಾಲು ಬರುತ್ತದೆ ಎಂಬುದು ನಂಬಿಕೆ. ಹಸು ಹುಲ್ಲು ತಿಂದು ಹಾಲು ಕೊಡುತ್ತದೆಯೇ ಹೊರತು ಹಾಲು ಕುಡಿದಲ್ಲ. ತಾಯಿಗೆ ಬೇಕಾದ್ದು ಹೊಟ್ಟೆ ತುಂಬ ಊಟ, ನೀರು, ವಿಶ್ರಾಂತಿ. ಆದ್ದರಿಂದ ಹಾಲು ಬಿಡಿಸುವ ದಿನವೇ ಉಳಿದ ಅನಗತ್ಯ ಪಥ್ಯಗಳನ್ನೂ ಬಿಡಿಸಬೇಕು. ಇಲ್ಲದಿದ್ದರೆ ತಾಯಿಯ ತಟ್ಟೆಯಲ್ಲಿ ಉಳಿಯುವುದು ಅನ್ನ, ಮೆಣಸಿನ ಸಾರು ಮಾತ್ರ.

ಹಾಲಿನಿಂದ ಬರುತ್ತಿದ್ದ ಸುಣ್ಣದ ಅಂಶಕ್ಕೆ ದಾರಿ ನಮ್ಮ ಅಡುಗೆಮನೆಯಲ್ಲೇ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಹಾಲೂಡಿಸುವ ತಾಯಿಗೆ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಎಳ್ಳು ಅದಕ್ಕಿಂತ ಬಹಳ ಹೆಚ್ಚು. ಮುದ್ದೆ, ಎಳ್ಳಿನ ಚಟ್ನಿಪುಡಿ, ನುಗ್ಗೆಸೊಪ್ಪಿನ ಪಲ್ಯ ಸೇರಿದರೆ ದೊಡ್ಡ ಪಾಲು ತುಂಬುತ್ತದೆ. ಕೊರತೆಗೆ ಮಾತ್ರೆ ಇದೆ. ಸಸ್ಯಾಹಾರಿ ತಾಯಿ ಹಾಲನ್ನು ಬಿಟ್ಟರೆ ಬಿ-12 ಜೀವಸತ್ವಕ್ಕೆ ಬೇರೆ ಮೂಲವೇ ಇರುವುದಿಲ್ಲ. ಅದರ ಕೊರತೆ ಮಗುವಿನ ನರಮಂಡಲಕ್ಕೂ ತಟ್ಟುವುದರಿಂದ ವೈದ್ಯರನ್ನು ಕೇಳಿ ಅದನ್ನು ತೆಗೆದುಕೊಳ್ಳಲೇಬೇಕು.

ನಿಲ್ಲಿಸಬೇಕಾದ ಸಂದರ್ಭ

ಎದೆಹಾಲು ನಿಜಕ್ಕೂ ಕೂಡದು ಎನ್ನುವ ಕಾಯಿಲೆಗಳೂ ಇವೆ, ಆದರೆ ಬಹಳ ಕಡಿಮೆ. ಗ್ಯಾಲಕ್ಟೋಸೀಮಿಯಾ ಎಂಬ ಆನುವಂಶಿಕ ದೋಷವಿರುವ ಮಗುವಿನ ಶರೀರ ಲ್ಯಾಕ್ಟೋಸಿನಿಂದ ಬರುವ ಗ್ಯಾಲಕ್ಟೋಸನ್ನು ಬಳಸಿಕೊಳ್ಳಲಾರದು. ಹುಟ್ಟಿದ ಕೆಲವೇ ದಿನಗಳಲ್ಲಿ ಕಾಮಾಲೆ, ವಾಂತಿ ಕಾಣಿಸಿ ಪ್ರಾಣಕ್ಕೇ ಅಪಾಯ. ಅಂಥ ಮಗುವಿಗೆ ಎದೆಹಾಲು ತಕ್ಷಣ ನಿಲ್ಲಬೇಕು. ಅಲರ್ಜಿ ತೀವ್ರವಾಗಿ ಮಗು ಕೃಶವಾಗುತ್ತಿದ್ದರೆ ಪ್ರೋಟೀನನ್ನು ಮೊದಲೇ ಚೂರು ಮಾಡಿದ ವಿಶೇಷ ಆಹಾರವನ್ನು ವೈದ್ಯರು ಕೆಲವು ಕಾಲ ಬರೆದುಕೊಡಬಹುದು. ಆ ಅವಧಿಯಲ್ಲಿ ತಾಯಿ ಹಾಲನ್ನು ಹಿಂಡಿ ತೆಗೆಯುತ್ತಿದ್ದರೆ ಮುಂದೆ ಮತ್ತೆ ಊಡಿಸಬಹುದು. ಇವೆಲ್ಲ ವೈದ್ಯರು ಪರೀಕ್ಷಿಸಿ ಹೇಳಬೇಕಾದ ಮಾತುಗಳು. ನೋಡಲು ಬಂದ ನೆಂಟರು ತೊಟ್ಟಿಲ ಬಳಿ ನಿಂತು ಹೇಳುವಂಥವಲ್ಲ.

ಡಬ್ಬಿ ಹಾಲಿನ ಮಾತು ಇಷ್ಟು ಸಲೀಸಾಗಿ ಬಾಯಿಗೆ ಬರುವುದಕ್ಕೆ ಬಹುಕಾಲದ ಜಾಹೀರಾತಿನ ಪ್ರಭಾವವೂ ಇದೆ. ಅದನ್ನು ತಡೆಯಲೆಂದೇ ಭಾರತದಲ್ಲಿ 1992ರಲ್ಲಿ ಕಾಯ್ದೆಯೊಂದು ಬಂದು, 1993ರ ಆಗಸ್ಟ್ 1ರಂದು ಜಾರಿಯಾಯಿತು. 2003ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಲಾಯಿತು. ಶಿಶು ಆಹಾರದ ಜಾಹೀರಾತು, ಉಚಿತ ಮಾದರಿ ಹಂಚುವುದು, ಡಬ್ಬಿಯ ಮೇಲೆ ಮಗುವಿನ ಚಿತ್ರ, ಎಲ್ಲಕ್ಕೂ ಅದು ತಡೆ ಹಾಕಿದೆ. ವಿಶ್ವ ಆರೋಗ್ಯ ಸಂಸ್ಥೆ ಆರು ತಿಂಗಳವರೆಗೆ ಎದೆಹಾಲು ಮಾತ್ರ, ಅನಂತರ ಬೇರೆ ಆಹಾರದ ಜೊತೆ ಎರಡು ವರ್ಷ ಮತ್ತು ಅದಕ್ಕೂ ಮೀರಿ ಎದೆಹಾಲು ಎನ್ನುತ್ತದೆ. ಆಹಾರ ಒಗ್ಗದ ಮಗುವಿಗೂ ಈ ಸಲಹೆ ಸಲ್ಲುತ್ತದೆ. ಆರು ತಿಂಗಳ ನಂತರ ರಾಗಿ ಸರಿಯನ್ನು ಹಸುವಿನ ಹಾಲಿನ ಬದಲು ನೀರಿನಲ್ಲಿ ಕಾಯಿಸಿ ತಿನ್ನಿಸಬಹುದು.

ಈ ಕಷ್ಟ ಎಂದೆಂದಿಗೂ ಇರುವಂಥದಲ್ಲ. ಎದೆಹಾಲು ಕುಡಿಯುತ್ತ ಮಲದಲ್ಲಿ ರಕ್ತದ ಗೆರೆ ಕಾಣಿಸಿದ ಮಕ್ಕಳಲ್ಲಿ ಹೆಚ್ಚಿನವರು ವರ್ಷ ತುಂಬುವ ಹೊತ್ತಿಗೆ ಹಾಲನ್ನು ತಾಳಿಕೊಳ್ಳುತ್ತಾರೆ. ಅಲ್ಲಿಯವರೆಗೆ ಆ ತಾಯಿಗೆ ಬೇಕಾದ್ದು ಹಾಲಿಲ್ಲದ ಒಂದು ಲೋಟ ಕಾಫಿ, ತನಗೆಂದೇ ತುಪ್ಪವಿಲ್ಲದೆ ತೆಗೆದಿಟ್ಟ ಒಂದು ತಟ್ಟೆ ಊಟ, ರಾತ್ರಿ ಮಗುವನ್ನು ಒಂದು ತಾಸು ಎತ್ತಿಕೊಳ್ಳುವ ಗಂಡ. ಬಾಟಲಿ ತರಲು ಅಂಗಡಿಗೆ ಹೊರಟ ಅಜ್ಜಿಯ ಕಾಳಜಿ ಅಡುಗೆಮನೆಯತ್ತ ತಿರುಗಿದರೆ, ಈ ಮೂರರಲ್ಲಿ ಎರಡು ಅಂದೇ ಸಿಕ್ಕಿಬಿಡುತ್ತವೆ.