ನಾನೂರಕ್ಕೆ ಬಂದ ಗೇಮು, ಕೊಳ್ಳೋಣವೇ?

ಜೂನ್ ಕೊನೆಯ ವಾರವೆಂದರೆ ಗೋವೆಯ ಕೆಪೆಯಲ್ಲಿ ಮಳೆ ಹಿಡಿದು ಕೂತು, ಕುಶಾವತಿ ಹೊಳೆ ತುಂಬಿ ಹರಿಯುವ ಕಾಲ. ಸರಿಯಾಗಿ ಆ ಹೊತ್ತಿಗೇ ಕಂಪ್ಯೂಟರ್ ಗೇಮುಗಳ ಆನ್‌ಲೈನ್ ಅಂಗಡಿ ಸ್ಟೀಮ್ ತನ್ನ ಬೇಸಿಗೆ ಸೇಲ್ ತೆರೆಯುತ್ತದೆ. 2025ರಲ್ಲಿ ಅದು ಜೂನ್ 26ರಿಂದ ಜುಲೈ 10ರವರೆಗೆ ನಡೆಯಿತು. ಅಮೆರಿಕದ ಬೇಸಿಗೆ, ನಮ್ಮ ಮಳೆಗಾಲ. ದುಡಿಮೆಗೆಂದು ಗೋವೆಗೆ ಬಂದು ಕೆಪೆ, ಕುಡಚಡೆಯ ಕಡೆ ನೆಲೆನಿಂತ ಕನ್ನಡದ ಮನೆಗಳಲ್ಲೂ ಕಾಲೇಜು ಮಕ್ಕಳಿಗೆ ಒಂದು ಲ್ಯಾಪ್‌ಟಾಪ್ ಬಂದಿದೆ. ‘ಅಪ್ಪಾ, ಎರಡು ಸಾವಿರದ ಗೇಮು ನಾನೂರಕ್ಕೆ ಬಿಟ್ಟಿದ್ದಾರೆ’ ಎಂದು ಮಗ ಕೇಳಿದರೆ ಅಪ್ಪನಿಗೆ ಮೊದಲು ಬರುವುದು ಅನುಮಾನ: ಇಷ್ಟು ಇಳಿಸಿದ್ದಾರೆಂದರೆ ಏನೋ ಮೋಸವಿರಬೇಕು.

ಮೋಸವೇನಿಲ್ಲ. ಬಟ್ಟೆ ಅಂಗಡಿಯವನು ಉಳಿದ ಸರಕು ಖಾಲಿ ಮಾಡಲು ದರ ಇಳಿಸುತ್ತಾನೆ; ಗೇಮಿಗೆ ಗೋದಾಮೇ ಇಲ್ಲ. ಖರ್ಚೆಲ್ಲ ತಯಾರಿಕೆಯಲ್ಲಿ ಮುಗಿದಿರುತ್ತದೆ, ಆಮೇಲೆ ಇನ್ನೊಂದು ಪ್ರತಿ ಮಾರಲು ತಗಲುವುದು ಹೆಚ್ಚುಕಡಿಮೆ ಏನೂ ಇಲ್ಲ. ಹಾಗಾಗಿ ಬಿಡುಗಡೆಯ ದಿನ ಕಾಯಲಾರದವರಿಂದ ಪೂರ್ತಿ ಬೆಲೆ ಪಡೆಯುತ್ತಾರೆ, ವರ್ಷ ಕಳೆದ ಮೇಲೆ ಅರ್ಧಕ್ಕೆ, ಇನ್ನೂ ಕಳೆದರೆ ಕಾಲುಭಾಗಕ್ಕೆ. ಯಾವ ಬೆಲೆಗೆ ಮಾರಿದರೂ ಸ್ಟೀಮಿನ ಪಾಲು ಸಾಮಾನ್ಯವಾಗಿ ಶೇ 30, ಮಿಕ್ಕಿದ್ದು ಮಾಡಿದವರಿಗೆ. ಬೆಲೆ ಏರಿಸಿದ 30 ದಿನದೊಳಗೆ ರಿಯಾಯಿತಿ ಘೋಷಿಸುವಂತಿಲ್ಲ ಎಂಬ ನಿಯಮವೂ ಅಲ್ಲಿದೆ. ಅಂದರೆ ನಿನ್ನೆ ಏರಿಸಿ ಇವತ್ತು ಇಳಿಸುವ ಆಟ ನಡೆಯದು.

ಅಪ್ಪ ಅನುಮಾನಿಸಬೇಕಾದದ್ದು ಬೆಲೆಯನ್ನಲ್ಲ, ಅವಸರವನ್ನು. ದೊಡ್ಡ ಸೇಲುಗಳು ವರ್ಷಕ್ಕೆ ನಾಲ್ಕು, ನಡುನಡುವೆ ಸಣ್ಣವು ಬೇರೆ. ಒಮ್ಮೆ ಇಳಿದ ಬೆಲೆ ಕೆಲವು ತಿಂಗಳಲ್ಲಿ ಮತ್ತೆ ಬರುವುದೇ ಹೆಚ್ಚು, ಹಲವು ಸಲ ಇನ್ನೂ ಕೆಳಗೆ. ಸ್ಟೀಮ್‌ಡಿಬಿ ಎಂಬ ತಾಣದಲ್ಲಿ ಗೇಮಿನ ಹೆಸರು ಹಾಕಿದರೆ ಹಿಂದೆ ಯಾವಾಗ ಎಷ್ಟಿತ್ತು ಎಂಬ ಪಟ್ಟಿಯೇ ಸಿಗುತ್ತದೆ. ಅದನ್ನು ನೋಡಿದವರಿಗೆ ಕೊನೆಯ ದಿನದ ಆತಂಕ ಅರ್ಧ ಇಳಿಯುತ್ತದೆ.

ಗೋವೆಯವರು ಮೇ ತಿಂಗಳಲ್ಲಿ ಪುರುಮೆಂತ್, ಅಂದರೆ ಮಳೆಗಾಲದ ಸಂಗ್ರಹ, ಮಾಡಿಡುತ್ತಾರೆ: ಒಣಮೀನು, ಮೆಣಸಿನಕಾಯಿ, ಈರುಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ, ಆಗ ತಾಜಾ ಮೀನು ಕಡಿಮೆ, ದುಬಾರಿ ಕೂಡ. ಮನೆಗೆ ಎಷ್ಟು ಬೇಕೆಂಬುದು ಹೆಂಗಸರಿಗೆ ಅಂದಾಜಿದೆ. ಆ ಸಂಗ್ರಹಕ್ಕೆ ಅರ್ಥವಿದೆ. ಗೇಮಿಗೆ ಯಾವ ಋತುವಿನಲ್ಲೂ ಬರವಿಲ್ಲ, ಆಡಲು ಸಿಗುವ ಗಂಟೆಗಳಿಗೆ ಮಾತ್ರ ಬರ. ಮುಂದೆಂದೋ ಆಡುತ್ತೇನೆಂದು ಅಗ್ಗದಲ್ಲಿ ಹತ್ತು ಕೊಂಡು ಒಂದನ್ನು ಆಡಿದವನಿಗೆ ಆ ಒಂದು ಬಿದ್ದದ್ದು ಹತ್ತರ ಬೆಲೆಗೆ.

ಬೆಲೆಚೀಟಿಯಲ್ಲಿ ಕಾಣದ ಖರ್ಚೂ ಇದೆ. ‘ರೆಡ್ ಡೆಡ್ ರಿಡೆಂಪ್ಶನ್ 2’ ಸೇಲಿನಲ್ಲಿ ಆಗಾಗ ಬಹಳ ಇಳಿಯುತ್ತದೆ, ಆದರೆ ಅದು ಕೇಳುವ ಜಾಗ 150 ಜಿಬಿ. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕಿನಲ್ಲಿ ಇಳಿಸಿಕೊಳ್ಳಲು ಹೊರಟರೆ ಎರಡೂವರೆ ತಿಂಗಳು, ಚೌತಿಯೇ ಬಂದೀತು. 30 ಎಂಬಿಪಿಎಸ್ ಬ್ರಾಡ್‌ಬ್ಯಾಂಡಿದ್ದರೂ ಹನ್ನೊಂದು ಗಂಟೆ, ಅದೂ ಮಳೆಗೆ ಕರೆಂಟು ಹೋಗದಿದ್ದರೆ. ಪಾಠಕ್ಕೆಂದು ಕೊಂಡ ಲ್ಯಾಪ್‌ಟಾಪಿನಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವುದು ಅಪರೂಪ. ಅದಿಲ್ಲದೆ ಇಂಥ ಗೇಮು ಕುಂಟುತ್ತದೆ. ಗೇಮಿನ ಪುಟದ ಕೆಳಗೆ ಬೇಕಾದ ಕನಿಷ್ಠ ಯಂತ್ರದ ವಿವರ ಬರೆದಿರುತ್ತದೆ. ಕೊಳ್ಳುವ ಮುಂಚೆ ಅದನ್ನು ಓದುವವರು ಕಡಿಮೆ.

ಎಡವಿದರೂ ದಾರಿಯಿದೆ. ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಕಾರಣ ಏನೇ ಇರಲಿ ಸ್ಟೀಮ್ ಹಣ ಮರಳಿಸುತ್ತದೆ. ಸೇಲಿನಲ್ಲಿ ಕೊಂಡದ್ದಕ್ಕೂ ಇದೇ ನಿಯಮ. ಆದ್ದರಿಂದ ಕೊಂಡ ವಾರವೇ ಒಂದು ಸಂಜೆ ಕೂತು ಓಡಿಸಿ ನೋಡಬೇಕು. ಆರು ತಿಂಗಳ ಮೇಲೆ ತೆರೆದು ‘ಇದು ಓಡುತ್ತಲೇ ಇಲ್ಲ’ ಎಂದರೆ ಕೇಳುವವರಿಲ್ಲ.

ಅಗ್ಗದ ಗೇಮು ಕೆಲವೊಮ್ಮೆ ಹೊಸ್ತಿಲು ಮಾತ್ರ. ‘ದಿ ಸಿಮ್ಸ್ 4’ 2022ರ ಅಕ್ಟೋಬರಿನಿಂದ ಉಚಿತ, ಆದರೆ ಅದರ ಒಂದೊಂದು ವಿಸ್ತರಣೆಗೂ ಬೇರೆ ಬೇರೆ ದುಡ್ಡು. ಇನ್ನು ಕೆಲವು ಗೇಮುಗಳು ಕಂಪನಿಯ ಸರ್ವರ್ ಇರುವಷ್ಟು ಕಾಲ ಮಾತ್ರ ಬದುಕುತ್ತವೆ. 2014ರಲ್ಲಿ ಬಂದ ಯೂಬಿಸಾಫ್ಟಿನ ‘ದಿ ಕ್ರೂ’ ಸರ್ವರ್ 2024ರ ಮಾರ್ಚ್ 31ರಂದು ನಿಂತಿತು. ದುಡ್ಡು ಕೊಟ್ಟವರಿಗೂ ಆಟ ಇಲ್ಲವಾಯಿತು. ನಾವು ಕೊಳ್ಳುವುದು ಆಡುವ ಪರವಾನಗಿ, ವಸ್ತುವನ್ನಲ್ಲ. ಸದಾ ಇಂಟರ್ನೆಟ್ ಬೇಡುವ ಹಳೆಯ ಗೇಮು ಚಿಲ್ಲರೆ ಕಾಸಿಗೆ ಬಂದರೆ ನಾನಂತೂ ಮುಟ್ಟುವುದಿಲ್ಲ.

ಹಾಗಾದರೆ ಕೊಳ್ಳುವುದು ಯಾವಾಗ? ಸೇಲ್ ಶುರುವಾಗುವ ಮೊದಲೇ ಆ ಗೇಮಿನ ಹೆಸರು ಮಗನ ಬಾಯಲ್ಲಿತ್ತೇ, ಕೈಯಲ್ಲಿರುವುದನ್ನು ಆಡಿ ಮುಗಿಸಿದ್ದಾನೆಯೇ, ಬರುವ ಎರಡು ವಾರದಲ್ಲಿ ಅವನಿಗೆ ಪರೀಕ್ಷೆಯಿದೆಯೇ ಎಂದು ಕೇಳಿ. ಉತ್ತರ ಸರಿಯಿದ್ದರೆ ನಾನೂರು ರೂಪಾಯಿ ದೊಡ್ಡದಲ್ಲ. ಒಂದು ಒಳ್ಳೆಯ ಗೇಮು ಮಳೆಗಾಲದ ಹಲವು ಸಂಜೆಗಳನ್ನು ಕಳೆಯುತ್ತದೆ. ಮನೆಯಲ್ಲಿ ಅಣ್ಣತಂಗಿಯರಿದ್ದರೆ ಸ್ಟೀಮ್ ಫ್ಯಾಮಿಲೀಸ್ ಎಂಬ ಗುಂಪು ಮಾಡಿಕೊಳ್ಳಬಹುದು, ಆರು ಜನರವರೆಗೆ ಒಬ್ಬರು ಕೊಂಡ ಬಹುತೇಕ ಗೇಮುಗಳನ್ನು ಉಳಿದವರೂ ಆಡಬಹುದು. ಏನೂ ಖರ್ಚು ಬೇಡವೆಂದರೆ ಎಪಿಕ್ ಎಂಬ ಇನ್ನೊಂದು ಆನ್‌ಲೈನ್ ಅಂಗಡಿ ವಾರವಾರವೂ ಒಂದಾದರೂ ಗೇಮನ್ನು ಪುಕ್ಕಟೆ ಕೊಡುತ್ತದೆ.

ಕಾಯಬೇಡಿ ಎಂದು ನಾನು ಹೇಳುವುದು ಒಂದೇ ಸಂದರ್ಭದಲ್ಲಿ. ಮಗನ ಕ್ಲಾಸಿನ ಗೆಳೆಯರೆಲ್ಲ ಸೇರಿ ಒಂದು ಗೇಮು ಆಡುತ್ತಿದ್ದಾರೆ, ಅವನೊಬ್ಬ ಹೊರಗಿದ್ದಾನೆ ಎಂದಾದರೆ, ಸೇಲ್ ಇಲ್ಲದಿದ್ದರೂ ಕೊಡಿಸಿ. ಡಿಸೆಂಬರಿನಲ್ಲಿ ಬೆಲೆ ಇಳಿದೀತು, ಆದರೆ ಅಷ್ಟರಲ್ಲಿ ಗೆಳೆಯರು ಬೇರೆ ಗೇಮಿಗೆ ಹೋಗಿರುತ್ತಾರೆ.